ಗಾಯ ಮುಚ್ಚದ ಈಸ್ಟರ್

ಗಾಯದ ಬಾಯಿ ಎರಡೂವರೆ ಸೆಂಟಿಮೀಟರ್ ಉದ್ದ, ಎರಡು ಅಗಲ. ಆಳ ಮೂರು. ಒಳಗೆ ಬಲಕ್ಕೆ, ಚರ್ಮದ ಅಡಿಯಲ್ಲಿ, ಚೀಲದ ಹಾಗೆ ಇನ್ನೂ ನಾಲ್ಕು. ತಳದಲ್ಲಿ ಹಳದಿ ಪೊರೆ. ವಾಸನೆ ಇದೆ.

ಇದು ನನ್ನ ವಹಿಯಲ್ಲಿರುವುದು. ನೆನಪು ಬೇರೆಯದನ್ನು ಹೇಳುತ್ತದೆ: ಆ ಮೊದಲ ದಿನ ಮನೆ ತುಂಬ ವೀಳ್ಯದೆಲೆಯ ಘಮ ಇತ್ತು ಎನ್ನುತ್ತದೆ. ಎಲೆತೋಟ ಅಲ್ಲಿಂದ ಎರಡು ಕಿಲೋಮೀಟರ್ ದೂರ. ಆ ಮನೆಗೆ ಎಲೆ ಬರುವುದು ನಿಂತು ಎರಡು ವರ್ಷವಾಗಿತ್ತು. ಘಮವನ್ನು ನಾನು ಆಮೇಲೆ ಸೇರಿಸಿರಬೇಕು. ಆದ್ದರಿಂದ ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿರುವ ಅಳತೆಗಳನ್ನು ಪೂರ್ತಿ ನಂಬಿ, ಮಾತುಗಳನ್ನು ಮುಕ್ಕಾಲು ನಂಬಿ.

ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಆರೈಕೆ ಮಾಡುವ ನರ್ಸ್ ನಾನು. ಶಿಗ್ಗಾಂವಿಯಿಂದ ಸ್ಕೂಟಿಯಲ್ಲಿ ಹೊರಟರೆ ಒಂದು ದಿನ ಹಾನಗಲ್ಲ ಕಡೆ, ಒಂದು ದಿನ ಹಿರೇಕೆರೂರ ಕಡೆ. ಮಂಗಳವಾರ, ಶುಕ್ರವಾರ ಸವಣೂರು. ಸವಣೂರಿನ ಈ ಮನೆಯಲ್ಲಿದ್ದವರು ಇಬ್ಬರೇ. ಎಲೆತೋಟದಲ್ಲಿ ಏಣಿಯಿಂದ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡ, ಐವತ್ತರ ಆಚೀಚೆಯ ಒಬ್ಬರು. ಅವರನ್ನು ನೋಡಿಕೊಳ್ಳುತ್ತಿದ್ದ ಅವರ ಅಕ್ಕ. ನಾನು ಅವರನ್ನು ಅಣ್ಣಾರ ಎಂದೂ ಅವರ ಅಕ್ಕನನ್ನು ಅಕ್ಕಾರ ಎಂದೂ ಕರೆಯುತ್ತಿದ್ದೆ. ಇಲ್ಲಿಯೂ ಅಣ್ಣ, ಅಕ್ಕ ಎಂದೇ ಇರಲಿ.

ಅವರು ಕ್ರೈಸ್ತರು, ಮೂರು ತಲೆಮಾರಿನಿಂದ. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ. ಅಣ್ಣನ ಹಾಸಿಗೆಯ ಎದುರಿನ ಗೋಡೆಯಲ್ಲಿ ದೇವರ ಪಟ ಇರಲಿಲ್ಲ, ಹೆಂಡತಿಯ ಫೋಟೊ ಇತ್ತು. ಅವರು ಬೆನ್ನು ಮುರಿದುಕೊಂಡು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ಬುತ್ತಿ ಹೊತ್ತು ಓಡಾಡುತ್ತಿದ್ದ ಹೆಂಡತಿ ಕಾಮಾಲೆಯಾಗಿ ಎಂಟು ದಿನದಲ್ಲಿ ತೀರಿಕೊಂಡಿದ್ದರು. ಮಣ್ಣಿಗೆ ಅಣ್ಣನಿಗೆ ಬರಲಾಗಲಿಲ್ಲ. ಸಮಾಧಿಯನ್ನೂ ಅವರು ನೋಡಿರಲಿಲ್ಲ. ಈಸ್ಟರ್ ದಿನ ಬೆಳಗಾಗುವ ಮುಂಚೆ ಅಲ್ಲಿಯ ಚರ್ಚಿನ ಸಭೆಯವರೆಲ್ಲ ಸಮಾಧಿಗಳ ನಡುವೆ ನಿಂತು ಪ್ರಾರ್ಥನೆ ಮಾಡುತ್ತಾರೆ. ಆ ಹೊತ್ತಿಗೆ ಗಾಲಿ ಕುರ್ಚಿಯಲ್ಲಿ ಕುಳಿತು ಹೆಂಡತಿಯ ಹತ್ತಿರ ಹೋಗಬೇಕು. ಅವರಿಗೆ ಬೇಕಾಗಿದ್ದು ಇಷ್ಟೇ. ಆದರೆ ಗಾಯ ಇದ್ದದ್ದು ಕೂರುವ ಜಾಗದಲ್ಲಿ.

"ಈಸ್ಟರಿಗೆ ಮುಚ್ಚತೈತೇನ್ರಿ ಸಿಸ್ಟರ?" ಮೊದಲ ದಿನವೇ ಕೇಳಿದರು. ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಅವರು ಹೇಳುವ ಶ್ರಮೆಯ ದಿನಗಳು, ಆಗಷ್ಟೇ ಶುರುವಾಗಿದ್ದವು. ಈಸ್ಟರಿಗೆ ಆರು ವಾರ ಇತ್ತು.

"ನೋಡೋಣ್ರಿ" ಎಂದೆ. ನಮ್ಮ ಕೆಲಸದಲ್ಲಿ ಈ ಮಾತು ಯಾವ ಭರವಸೆಯನ್ನೂ ಕೊಡುವುದಿಲ್ಲ, ಕಸಿದುಕೊಳ್ಳುವುದೂ ಇಲ್ಲ.

ಹಾಸಿಗೆ ಹುಣ್ಣು ವಾಸಿಯಾಗಬೇಕಾದರೆ ಮೂರು ಬೇಕು. ಗಾಯದ ಮೇಲೆ ಭಾರ ಬೀಳಬಾರದು. ಅದನ್ನು ಶುಚಿಯಾಗಿಡಬೇಕು. ಹೊಟ್ಟೆಗೆ ಮೊಟ್ಟೆ, ಬೇಳೆ, ಹಾಲು ಬೀಳಬೇಕು. ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಉದ್ದನೆಯ ಬಟ್ಟೆಪಟ್ಟಿಯನ್ನು ಅದರಲ್ಲೇ ಅದ್ದಿ ಹಿಂಡಿ, ಗಾಯದ ತಳ ಮುಟ್ಟುವ ಹಾಗೆ, ಆದರೆ ಬಿಗಿಯಾಗದ ಹಾಗೆ ತುಂಬುವುದನ್ನು ಅಕ್ಕನಿಗೆ ಎರಡೇ ಸಲಕ್ಕೆ ಕಲಿಸಿದೆ. ನಾನಿಲ್ಲದ ದಿನ ಅವರೇ ಮಾಡುತ್ತಿದ್ದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಲು ಗೋಡೆಗೆ ಪಟ್ಟಿ ಬರೆದು ಅಂಟಿಸಿದೆ. ಮುಂದಿನ ವಾರ ನೋಡಿದರೆ ನನ್ನ ಪಟ್ಟಿಯ ಪಕ್ಕ ಅಕ್ಕನದೇ ಇನ್ನೊಂದು ಇತ್ತು. ಗಂಟೆಗಳ ಬದಲು ಅದರಲ್ಲಿ ಸದ್ದುಗಳಿದ್ದವು. ಮಸೀದಿಯ ಮೊದಲ ಬಾಂಗಿಗೆ ಎಡಕ್ಕೆ, ಹಾಲಿನವನ ಹಾರ್ನಿಗೆ ಬಲಕ್ಕೆ, ಶಾಲೆಯ ಗಂಟೆಗೆ ಬೋರಲು.

"ನಿಮ್ಮ ಗಡಿಯಾರ ಮುಂದ ಹೋಗತೈತಿ, ಹಿಂದ ಬೀಳತೈತಿ. ಬಾಂಗ ತಪ್ಪೂದಿಲ್ಲ" ಎಂದರು ಅಕ್ಕ.

ಇಷ್ಟಾದರೂ ಗಾಯ ಕದಲಲಿಲ್ಲ. ವಹಿಯಲ್ಲಿ ಮೂರು ವಾರದ ಆಳ: ಮೂರು, ಮೂರು, ಎರಡು ಮುಕ್ಕಾಲು, ಮೂರು, ಮೂರು. ಗಾಳಿ ಹಾಸಿಗೆಯ ಮೇಲೆ ಅನುಮಾನ ಬಂತು. ಕರೆಂಟ್ ಹೋದರೆ ಅದು ಇಳಿದುಹೋಗುತ್ತಿತ್ತು. ಅಕ್ಕನ ಕೈಯ ಮೇಲೂ ಅನುಮಾನ ಬಂತು, ಹೇಳಲಿಲ್ಲ. ಪ್ರತಿ ಭೇಟಿಯಲ್ಲಿ ಕೇಳುತ್ತಿದ್ದೆ: "ದಿನಾ ಎರಡು ತತ್ತಿ ತಿನಸಾಕತ್ತೀರಿಲ್ರಿ ಅಕ್ಕಾರ?"

"ನಮ್ಮ ಕೋಳಿಗೋಳು ದಿನಾ ಎರಡು ಹಾಕತಾವ್ರಿ" ಎನ್ನುತ್ತಿದ್ದರು. ಅದು ನಿಜ. ಕೋಳಿಗಳು ನನ್ನ ಕಾಲ ಬಳಿಯೇ ಓಡಾಡುತ್ತಿದ್ದವು.

ಕೆಲಸ ಮುಗಿದ ಮೇಲೆ ಉಣ್ಣದೆ ಕಳಿಸುತ್ತಿರಲಿಲ್ಲ. ರೊಟ್ಟಿ, ಜತೆಗೆ ತತ್ತಿ ಪಲ್ಯ. ಹೊರಡುವಾಗ ಹಳೆಯ ಪೇಪರಿನಲ್ಲಿ ತೌಡು ಹಾಕಿ ಸುತ್ತಿದ ಐದಾರು ಮೊಟ್ಟೆ ಸ್ಕೂಟಿಯ ಡಿಕ್ಕಿಗೆ. ಬೇಡವೆಂದರೆ ಮುಖ ಸಣ್ಣದು ಮಾಡುತ್ತಿದ್ದರು. ಉಳಿದದ್ದು ಕೊಡುತ್ತಾರೆ ಎಂದುಕೊಂಡೆ.

ಮೂರನೆಯ ವಾರ ಮುಗಿಯುವಾಗ ಗಾಳಿ ಹಾಸಿಗೆಯ ಮೋಟಾರು ಕೆಟ್ಟಿತು. ಬೇರೆಯದನ್ನು ತೆಗೆದುಕೊಂಡು ನನ್ನದಲ್ಲದ ದಿನ, ಬುಧವಾರ ಮಧ್ಯಾಹ್ನ ಹೋದೆ.

"ಇವತ್ತ ನೀವು ಬರೂ ದಿನ ಅಲ್ಲಲ್ರಿ?" ಅಕ್ಕ ಬಾಗಿಲಿಗೆ ಅಡ್ಡ ನಿಂತರು.

"ಮೋಟರ್ ತಂದೇನ್ರಿ. ಅಣ್ಣಾರದು ಊಟ ಆತೇನು?"

"ಆಗಾಕತ್ತೈತಿ. ಕಟ್ಟಿ ಮ್ಯಾಲೆ ಕುಂದರ್ರಿ, ಚಾ ತರ್ತೇನಿ."

ಅವರನ್ನು ದಾಟಿ ಒಳಗೆ ಹೋದೆ. ಅಣ್ಣನ ತಾಟಿನಲ್ಲಿ ಒಂದೂವರೆ ರೊಟ್ಟಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ. ಲೋಟದಲ್ಲಿ ಹಾಲಿಲ್ಲದ ಚಹಾ.

"ತತ್ತಿ ಎಲ್ಲಿ ಅದಾವ್ರಿ?"

ಅಣ್ಣ ಅಕ್ಕನ ಮುಖ ನೋಡಿದರು. ಅಕ್ಕ ನನ್ನ ಮುಖ ನೋಡಿದರು.

"ನಿಮ್ಮ ಹೊಟ್ಟ್ಯಾಗ" ಎಂದರು.

ಈ ಪ್ರಸಂಗವನ್ನು ಆಮೇಲೆ ಜತೆಯ ನರ್ಸ್‌ಗಳಿಗೆ ಎಷ್ಟು ಸಲ ಹೇಳಿದ್ದೇನೆಂದರೆ ಅದು ಸವೆದು ನುಣ್ಣಗಾಗಿದೆ. ಎಲ್ಲರೂ ನಗುತ್ತಾರೆ. ಆ ದಿನ ಯಾರೂ ನಗಲಿಲ್ಲ ಎಂಬುದನ್ನು ಹೇಳುವುದು ಬಿಟ್ಟುಹೋಗಿದೆ. ವಹಿಯಲ್ಲಿ ಇರುವುದು ಒಂದೇ ಸಾಲು: ಆಹಾರ ಸರಿಯಿಲ್ಲ, ಮಾತಾಡಿದೆ.

ನಡೆದದ್ದು ಹೀಗೆ. ಚಳಿಗಾಲದಲ್ಲಿ ಬೇರೆ ಊರಿನಿಂದ ನಾಲ್ಕೈದು ಜನರ ಒಂದು ಪ್ರಾರ್ಥನೆಯ ತಂಡ ಬಂದಿತ್ತು. ಅಣ್ಣನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಸತ್ತು ಸಮಾಧಿಯಿಂದ ಎದ್ದು ಬಂದ ದೇವರನ್ನು ಪೂರ್ತಿ ನಂಬಿದವನಿಗೆ ಗಾಯ ಉಳಿಯುವುದಿಲ್ಲ, ಉಳಿದಿದ್ದರೆ ನಂಬಿಕೆಯಲ್ಲಿ ಏನೋ ಕೊರತೆ ಇದೆ ಎಂದು ಹೇಳಿ ಹೋಗಿತ್ತು. ಅಣ್ಣ ಹರಕೆ ಹೊತ್ತರು: ನಲವತ್ತು ದಿನ ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ, ಈಸ್ಟರಿಗೆ ಗಾಯ ಮುಚ್ಚಲಿ. ಹರಕೆಯನ್ನು ಯಾರಿಗೂ ಹೇಳಬಾರದು. ಬಿಟ್ಟ ಊಟ ಕೆಡಲೂಬಾರದು, ಸೇವೆ ಮಾಡುವವರ ಹೊಟ್ಟೆಗೆ ಹೋಗಬೇಕು. ಆ ಮನೆಗೆ ಸೇವೆ ಮಾಡಲು ಬರುತ್ತಿದ್ದವಳು ನಾನೊಬ್ಬಳೇ.

ಆ ಗಾಯವನ್ನು ತುಂಬಬೇಕಿದ್ದ ಮಾಂಸ ಮೂರು ವಾರ ನನ್ನ ಮೈಗೆ ಹತ್ತಿತ್ತು.

ನಾನು ಸಿಟ್ಟಾದೆ. ಏನೆಂದು ಬೈದೆನೋ ನೆನಪಿಲ್ಲ, ಅಕ್ಕ ಹೇಳಿದ್ದು ನೆನಪಿದೆ: "ನನಗ್ಯಾಕ ಒದರ್ತೀರಿ? ನಾ ಹೇಳಿದ್ದೆ ಇಂವಗ. ದೇವರ ಜೋಡಿ ಚೌಕಾಸಿ ಮಾಡಬ್ಯಾಡೋ, ಅಂವೇನು ಸಂತಿಗೆ ಕುಂತಾನೇನು ಅಂತ. ಕೇಳ್ಬೇಕಲ್ಲ ಇಂವ."

ಅಣ್ಣ ಹರಕೆ ಮುರಿಯಲು ಒಪ್ಪಲಿಲ್ಲ. ಶುಕ್ರವಾರ ನಾನು ಹೋಗುವ ಹೊತ್ತಿಗೆ ಅಕ್ಕ ಪಾಸ್ಟರನ್ನು ಕರೆಸಿದ್ದರು. ಹಾನಗಲ್ಲ ಕಡೆಯ ಮೂರು ಸಭೆಗಳನ್ನೂ ಇದನ್ನೂ ಒಂದೇ ಬೈಕಿನಲ್ಲಿ ಸುತ್ತಿ ನೋಡಿಕೊಳ್ಳುವ, ಹೆಚ್ಚು ಮಾತಿಲ್ಲದ ಮನುಷ್ಯ. ಬಂದವರು ಪ್ರಾರ್ಥನೆಗೂ ಮೊದಲು ಲೆಕ್ಕಕ್ಕೆ ಕುಳಿತರು.

"ಉಪಾಸ ಶುರುವಾದ ಬೂದಿ ಬುಧವಾರದಿಂದ ಈಸ್ಟರ್ ತನಕ ಎಷ್ಟು ದಿನ ಆಗತಾವ, ಎಣಿಸ್ರಿ" ಎಂದರು ಅಣ್ಣನಿಗೆ.

"ನಲವತ್ರಿ."

"ಬಾಯಿಪಾಠ ಬ್ಯಾಡ. ಕ್ಯಾಲೆಂಡರ್ ನೋಡಿ ಎಣಿಸ್ರಿ."

ಅಕ್ಕ ಕ್ಯಾಲೆಂಡರ್ ತಂದು ಹಿಡಿದರು. ನಲವತ್ತಾರು ಬಂತು.

"ಆರು ಜಾಸ್ತಿ ಯಾಕ ಬಂತು? ಆರು ಭಾನುವಾರ ಅದಾವು. ಅವು ಉಪಾಸದ ಲೆಕ್ಕದಾಗ ಬರೂದಿಲ್ಲ. ಅಂವ ಎದ್ದ ದಿನ ಅದು. ವರ್ಷಕ್ಕೊಮ್ಮಿ ದೊಡ್ಡ ಈಸ್ಟರ್, ವಾರಕ್ಕೊಮ್ಮಿ ಸಣ್ಣ ಈಸ್ಟರ್. ಭಾನುವಾರ ತಿನ್ರಿ, ಹರಕಿ ಮುರಿಯೂದಿಲ್ಲ."

ನಾನು ಬಾಯಿ ಹಾಕಿದೆ. "ವಾರಕ್ಕೊಂದು ದಿನ ತಿಂದ್ರ ಗಾಯ ತುಂಬೂದಿಲ್ರಿ."

ಪಾಸ್ಟರ್ ಅಕ್ಕನ ಕೈಯಿಂದ ಕ್ಯಾಲೆಂಡರ್ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಅಣ್ಣನನ್ನು ಕೇಳಿದರು: "ಎರಡು ವರ್ಷದಿಂದ ಹಿಂಗ ಮಲಗೀರಿ. ಇವತ್ತು ಯಾವ ವಾರ ಅಂತ ಬೆಳಿಗ್ಗಿ ಎದ್ದಕೂಡಲೆ ನಿಮಗ ಗೊತ್ತಾಗತೈತೇನು?"

"ಇಲ್ರಿ. ಅಕ್ಕನ್ನ ಕೇಳ್ತೇನಿ."

"ಹಂಗಿದ್ರ ದಿನಾ ಭಾನುವಾರ ಅಂತ ತಿಳಕೊಂಡು ತಿನ್ರಿ. ನಿಮ್ಮಂಥವರಿಗೆ ದಿನಾ ಸಣ್ಣ ಈಸ್ಟರ್ ಬೇಕಾಗತೈತಿ. ತಪ್ಪಿದ್ರ ನನ್ನ ತಲಿ ಮ್ಯಾಲಿರಲಿ."

"ನೀವು ವಕೀಲರಾಗಬೇಕಿತ್ರಿ ಅಯ್ಯನವರ" ಎಂದರು ಅಣ್ಣ. ಅವತ್ತು ನನ್ನ ಎದುರಿಗೇ ಎರಡು ಮೊಟ್ಟೆ ತಿಂದರು, ಔಷಧ ನುಂಗುವ ಮುಖ ಮಾಡಿಕೊಂಡು.

ಮುಂದಿನ ಎರಡು ವಾರ ನನ್ನ ವಹಿಯಲ್ಲಿ ಒಳ್ಳೆಯ ದಿನಗಳು. ಹಳದಿ ಪೊರೆ ಹೋಯಿತು. ತಳ ಕೆಂಪಾಯಿತು, ಮುಟ್ಟಿದರೆ ಹನಿ ರಕ್ತ ಬರುವ ಜೀವಂತ ಕೆಂಪು. ಆಳ ಎರಡೂವರೆ, ಎರಡು ಕಾಲು. ಬಾಯಿಯಂತೂ ಓಡಿ ಓಡಿ ಕಿರಿದಾಗುತ್ತಿತ್ತು.

ಆ ದಿನಗಳಲ್ಲಿ ಒಮ್ಮೆ ಅಣ್ಣ ಹೇಳಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. "ನನ್ನ ಗಾಯ ನಾ ಕಂಡಿಲ್ಲ, ಮುಟ್ಟಿಲ್ಲ. ನೋವಂತೂ ಇಲ್ಲ. ಐತಿ ಅಂತ ನೀವಿಬ್ಬರು ಹೇಳ್ತೀರಿ, ನಾ ನಂಬೇನಿ. ಕ್ರಿಸ್ತನ ಸಮಾಧಿ ಖಾಲಿ ಐತಿ ಅಂತ ಹೆಣ್ಮಕ್ಕಳು ಬಂದು ಹೇಳಿದ್ರು, ಮಂದಿ ನಂಬಿದ್ರು. ಇದೂ ಹಂಗ."

"ಎಲ್ಲಿ ನಂಬಿದ್ರೋ?" ಅಕ್ಕ ಒಳಗಿನಿಂದ. "ಹೆಂಗಸರ ಹರಟಿ ಅಂದ್ರು ಮೊದಲ. ಸುಗಂಧದೆಣ್ಣಿ ಹೊತ್ತು ಬೆಳ್ಳಂಬೆಳಿಗ್ಗಿ ಹೋದವರು ಅವರು, ಮಾತಾಡೋರು ಗಂಡಸರು."

ನಾವು ಹೇಳಿದ್ದನ್ನೇ ನಂಬುವ ಮನುಷ್ಯನಿಗೆ ನಾನು ಹೇಳಿದ್ದೇನು ಎಂಬಲ್ಲಿಗೆ ಈಗ ಬರಬೇಕು.

ಇಂಥ ಗಾಯದ ಮೊದಲ ನಿಯಮ: ಅದು ತಳದಿಂದ ತುಂಬುತ್ತ ಮೇಲೆ ಬರಬೇಕು. ಚರ್ಮಕ್ಕೆ ಆತುರ, ಅದು ಮೊದಲೇ ಬಾಯಿ ಕಟ್ಟಲು ನೋಡುತ್ತದೆ. ಒಳಗೆ ಪೊಳ್ಳು ಇರುವಾಗಲೇ ಬಾಯಿ ಮುಚ್ಚಿದರೆ ಕೀವು ಅಲ್ಲೇ ಸೆರೆಯಾಗುತ್ತದೆ. ಪಟ್ಟಿ ತುಂಬುವುದು ಬಾಯಿಯನ್ನು ತೆರೆದಿಡುವುದಕ್ಕೆ. ಇದನ್ನು ನಾನು ಬೇರೆಯವರಿಗೆ ಪಾಠ ಮಾಡುತ್ತೇನೆ. ಆದರೆ ಆ ವಾರಗಳಲ್ಲಿ ಬಾಯಿ ಸಣ್ಣದಾದಂತೆ ನಾನು ಪಟ್ಟಿಯನ್ನೂ ಸಣ್ಣದು ಮಾಡಿದೆ. ಅಕ್ಕನಿಗೂ ಹಾಗೇ ಹೇಳಿದೆ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಕಳೆದ ಮಂಗಳವಾರ ಬಾಯಿ ಬೆಂಕಿಕಡ್ಡಿಯ ತಲೆಯಷ್ಟಿತ್ತು.

"ಮುಚ್ಚಿತ್ರಿ ಅಣ್ಣಾರ" ಎಂದೆ.

ಅವರು ಅತ್ತರು. ಅಕ್ಕ ಬಿಳಿ ಅಂಗಿ ತಂದು ಇಸ್ತ್ರಿಗೆ ಕೊಟ್ಟರು. ಫೋನಿನಲ್ಲಿ ಪಾಸ್ಟರಿಗೆ ಹೇಳಿದ್ದಾಯಿತು, ಸಭೆಯಿಂದ ಗಾಲಿ ಕುರ್ಚಿ ಬರುವುದೆಂದಾಯಿತು.

ಆತುರದಲ್ಲಿ ಅಳೆಯುವುದು ಮರೆತೆ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಮರೆತಿರಲಿಲ್ಲ. ಆ ದಿನದ ಪುಟದಲ್ಲಿ ಉದ್ದ, ಅಗಲ ಬರೆದು ಆಳದ ಜಾಗದಲ್ಲಿ ಅಡ್ಡಗೆರೆ ಎಳೆದಿದ್ದೇನೆ. ಮರೆತವರು ಗೆರೆ ಎಳೆಯುವುದಿಲ್ಲ, ಜಾಗ ಖಾಲಿ ಬಿಡುತ್ತಾರೆ. ಆ ಸಣ್ಣ ರಂಧ್ರದಲ್ಲಿ ಹತ್ತಿಯ ಕಡ್ಡಿ ಇಳಿಸಿದ್ದರೆ ಗೊತ್ತಾಗುತ್ತಿತ್ತು. ಇಳಿಸಲಿಲ್ಲ. ಅವರು ಈಸ್ಟರಿಗೆ ಹೋಗಬೇಕೆಂಬ ಆಸೆ ಅಷ್ಟರಲ್ಲಿ ನನ್ನದೂ ಆಗಿತ್ತು. ತಿಂದ ಮೊಟ್ಟೆಗಳ ಋಣವೂ ಇತ್ತೆಂದು ಕಾಣುತ್ತದೆ.

ಗುರುವಾರ ಬೆಳಿಗ್ಗೆ ಅಕ್ಕನ ಫೋನು ಬಂದಾಗ ಹತ್ತಿಮತ್ತೂರಿನಲ್ಲಿದ್ದೆ. "ಮೈ ಸುಡಾಕತ್ತೈತ್ರಿ. ನಡಗಾಕತ್ತಾನ."

ನೂರಾ ಎರಡೂವರೆ ಜ್ವರ. ಮುಚ್ಚಿದ ಜಾಗ ಬಿಸಿಯಾಗಿ, ಒತ್ತಿದರೆ ನೀರು ತುಂಬಿದ ಚೀಲದಂತೆ ಆಡುತ್ತಿತ್ತು. ನಮ್ಮ ವೈದ್ಯರಿಗೆ ಫೋನ್ ಮಾಡಿದೆ. ಮಧ್ಯಾಹ್ನ ಬಂದರು. ಮರಗಟ್ಟಿಸುವ ಸೂಜಿ ಬೇಕಾಗಲಿಲ್ಲ. ಅಣ್ಣ ಎಚ್ಚರವಾಗಿ, ಗೋಡೆಯತ್ತ ಮುಖ ಮಾಡಿ ಮಲಗಿದ್ದರು. ಬ್ಲೇಡು ತಾಗಿದ್ದೇ ತಡ, ಕೀವು ನನ್ನ ಕೈಗವಸಿನ ಮೇಲೆ ಸುರಿಯಿತು. ವೈದ್ಯರು ಬಾಯಿಯನ್ನು ಐದು ಸೆಂಟಿಮೀಟರ್ ತೆರೆದರು. ಆಳ ಮೂರು. ಮೊದಲ ದಿನ ಎಷ್ಟಿತ್ತೋ ಅಷ್ಟೇ.

"ತಿಂಗಳೊಪ್ಪತ್ತು ಕೂಡಿಸಬೇಡಿ" ಎಂದು ವೈದ್ಯರು ಇಂಜೆಕ್ಷನ್ ಬರೆದುಕೊಟ್ಟು ಹೋದರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿತ್ತು.

ಮರುದಿನ ಶುಭ ಶುಕ್ರವಾರ. ಅಕ್ಕ ಚರ್ಚಿಗೆ ಹೋಗಿರಲಿಲ್ಲ. ಇಸ್ತ್ರಿಯಾಗಿ ಬಂದ ಅಂಗಿ ಗೂಟದಲ್ಲಿತ್ತು. ಪಟ್ಟಿ ಬದಲಿಸುವ ಮೊದಲು ಹೇಳಿದೆ. "ಅಣ್ಣಾರ, ಮಂಗಳವಾರ ನಾ ನಿಮಗ ಖರೇ ಹೇಳಲಿಲ್ಲ. ಒಳಗ ಅಳತಿ ಮಾಡಲಾರದ ಮುಚ್ಚಿತು ಅಂದೆ. ಈ ಜ್ವರ ನನ್ನ ತಪ್ಪಿನಿಂದ ಬಂದದ್ದು."

ಬೈಯಲಿ ಎಂದು ಕಾಯುತ್ತಿದ್ದೆ. ಅವರು ಕೇಳಿದ್ದೇ ಬೇರೆ.

"ನನಗ ಒಮ್ಮಿ ತೋರಿಸ್ರಿ ಅದನ್ನ."

ಫೋನಿನಲ್ಲಿ ಫೋಟೊ ತೆಗೆದು ಅವರ ಕೈಗೆ ಕೊಟ್ಟೆ. ಅಳತೆ ಗೊತ್ತಾಗಲೆಂದು ಪಕ್ಕದಲ್ಲಿ ಸೆಂಟಿಮೀಟರ್ ಪಟ್ಟಿ ಇಟ್ಟೇ ತೆಗೆದಿದ್ದೆ. ಅವರು ಬೆರಳಿನಿಂದ ಅಗಲಿಸಿ, ಅಗಲಿಸಿ ನೋಡಿದರು. ತಮ್ಮದೇ ಮೈಯ ಆ ಜಾಗವನ್ನು ಅವರು ನೋಡಿದ್ದು ಅದೇ ಮೊದಲು.

"ಇಷ್ಟ ದೊಡ್ಡದೈತಿ? ನಾ ಬಟಾಣಿಯಷ್ಟು ಅಂತ ತಿಳಕೊಂಡಿದ್ದೆ." ಮತ್ತೆ ನೋಡಿದರು. "ಒಳಗ ಕೆಂಪಗೈತಲ್ಲ, ಅದು ಛಲೋನ, ಕೆಟ್ಟದ್ದ?"

"ಛಲೋರಿ. ಅದು ತುಂಬಿಕೊಂಡು ಬರೂ ಮಾಂಸ."

ಮುಂದಿನ ಮಾತನ್ನು ಅವರು ಆಗಲೇ ಹೇಳಿದರೋ, ಶನಿವಾರ ಹೇಳಿದರೋ, ಅಥವಾ ಪಾಸ್ಟರ್ ಆಮೇಲೆ ಚರ್ಚಿನ ತಮ್ಮ ಬೋಧನೆಯಲ್ಲಿ ಸೇರಿಸಿದ್ದನ್ನು ನಾನು ಅವರ ಬಾಯಿಗೆ ಹಾಕುತ್ತಿದ್ದೇನೋ, ಖಚಿತವಿಲ್ಲ. ತುಂಡುತುಂಡಾಗಿ ಬಂದದ್ದನ್ನು ನಾನು ಹೊಲಿದಿದ್ದೇನೆ.

"ಆ ತಂಡದವರು ಅಂದ್ರು, ಎದ್ದ ದೇವರನ್ನ ನಂಬಿದವಗ ಗಾಯ ಉಳಿಯೂದಿಲ್ಲ ಅಂತ. ನಾನೂ ಹೌದು ಅಂದೆ. ಅಂವ ಎದ್ದು ಬಂದ ಮ್ಯಾಲೆ ತನ್ನ ಮಂದಿಗೆ ಏನು ತೋರಿಸಿದ? ಮೊಳಿ ಬಡದ ಕೈ ತೋರಿಸಿದ, ಈಟಿ ತಿವಿದ ಪಕ್ಕಿ ತೋರಿಸಿದ. ಅನುಮಾನದ ಶಿಷ್ಯಗ, ಬಾ, ಕೈ ಹಾಕಿ ನೋಡು ಅಂದ. ಸಾವನ್ನ ಗೆದ್ದು ಬಂದವಗ ನಾಕೈದು ತೂತು ಮುಚ್ಚಾಕ ಆಗತಿದ್ದಿಲ್ಲೇನ್ರಿ? ಮುಚ್ಚಲಿಲ್ಲ. ಗಾಯ ಇಟಗೊಂಡ ಎದ್ದ. ಅದರಿಂದಾನ ಅವರಿಗೆ ಗುರತು ಸಿಕ್ಕಿತು. ಹಂಗಾದ್ರ ನನ್ನ ಗಾಯ ನನ್ನ ನಂಬಿಕಿ ಕೊರತಿ ಅಲ್ಲ."

ಅಕ್ಕ ಮೂಲೆಯಲ್ಲಿ ಪಟ್ಟಿ ಕತ್ತರಿಸುತ್ತಿದ್ದವರು ಕತ್ತರಿ ನಿಲ್ಲಿಸಿದರು.

"ನಾ ಮುಚ್ಚಿಸ್ಕೊಂಡು ಹೋಗಬೇಕು ಅಂತ ಕುಂತಿದ್ದೆ. ಈಗ ಹಿಂಗ ಹೋಗ್ತೇನಿ."

"ಕೂಡಾಕ ಬರೂದಿಲ್ರಿ. ಡಾಕ್ಟರ್ ಹೇಳ್ಯಾರ."

"ಕೂಡೂದು ಬ್ಯಾಡ. ಹೆಂಗ ಹೋಗೂದು ಅದನ್ನ ನೀವು ಹೇಳ್ರಿ. ನನಗ ದೇವರ ವಿಷಯ ಗೊತ್ತು, ನಿಮಗ ಬೆನ್ನಿನ ವಿಷಯ ಗೊತ್ತು."

ನಮ್ಮ ಮನೆಯಲ್ಲಿ ನಾನು ಕೇಳಿ ಬೆಳೆದದ್ದು, ದುಃಖಕ್ಕೆ ಕಾರಣವಿದೆ, ಕಾರಣ ತಿಳಿದರೆ ದಾಟುವ ದಾರಿಯಿದೆ ಎಂದು. ನನ್ನ ಕೆಲಸವೂ ಹಾಗೇ ನಡೆಯುತ್ತದೆ: ಕಾರಣ ಹುಡುಕು, ತೆಗೆ. ಇವರ ದಾರಿ ಬೇರೆಯಾಗಿತ್ತು. ದುಃಖವನ್ನು ಅಳಿಸದೆ, ಅದರ ಗುರುತನ್ನು ಮೈಮೇಲೇ ಇಟ್ಟುಕೊಂಡು ಆಚೆ ದಡಕ್ಕೆ ಹೋಗಿಬಂದ ಒಬ್ಬನಿದ್ದಾನೆ, ಆದ್ದರಿಂದ ಈ ಗಾಯದೊಡನೆ ತಾನೂ ಹೋಗಬಹುದು. ನಾನು ಅದನ್ನು ನಂಬುತ್ತೇನೆ ಎಂದು ಹೇಳಲಾರೆ. ಆ ಹಾಸಿಗೆಯ ಪಕ್ಕದಲ್ಲಿ ಅದು ಏನು ಮಾಡಿತೆಂದು ಮಾತ್ರ ಹೇಳಬಲ್ಲೆ. ಗಾಯ ಯಾವಾಗ ಮುಚ್ಚುತ್ತದೆ ಎಂದು ಅಣ್ಣ ಅವತ್ತಿನಿಂದ ನನ್ನನ್ನು ಕೇಳಲಿಲ್ಲ. ಎಷ್ಟು ತುಂಬಿತು ಎಂದು ಕೇಳುತ್ತಿದ್ದರು.

ಅಂಗಳಕ್ಕೆ ಬಂದು ನಿಂತೆ. ಪಕ್ಕದ ಮನೆಯ ಮುಂದೆ ಖಾರ ಮಾರುವ ಚಾಚಾನ ತಳ್ಳುಗಾಡಿ ನಿಂತಿತ್ತು. ಸವಣೂರ ಖಾರವೆಂಬ ಕುರುಕುಲು ತಿಂಡಿಯನ್ನು ಸಂಜೆ ಬಸ್ ನಿಲ್ದಾಣದ ಹತ್ತಿರ ಮಾರುವ, ನಾಲ್ಕು ಸೈಕಲ್ ಗಾಲಿಯ, ಮೇಲೆ ಚಪ್ಪಟೆ ಹಲಗೆಯ ಗಾಡಿ. ಗೇಣು ಹಾಕಿ ಅಳೆದೆ. ಆರು ಅಡಿಗೆ ಸ್ವಲ್ಪ ಹೆಚ್ಚು, ಅಗಲ ಮೂರೂವರೆ. ಬೋರಲು ಮಲಗಿದರೆ ಗಾಯದ ಮೇಲೆ ಭಾರವೇ ಇಲ್ಲ.

ವೈದ್ಯರಿಗೆ ಫೋನ್ ಮಾಡಿ ಹೇಳಿದೆ. "ಶನಿವಾರ ಪೂರ್ತಿ ಜ್ವರ ನೂರರ ಒಳಗಿದ್ದರೆ. ಹಲಗೆಯ ಮೇಲೆ ಒಟ್ಟು ಒಂದು ತಾಸು, ಹೆಚ್ಚಿಲ್ಲ. ಮೊಣಕಾಲು, ಸೊಂಟದ ಎಲುಬು ನೋಡಿಕೊಳ್ಳಿ. ಇನ್ನೊಂದು ಹುಣ್ಣು ಮಾಡಿಕೊಂಡು ಬರಬೇಡಿ" ಎಂದರು. ಹೋಗಲು ಹತ್ತು ನಿಮಿಷ, ಬರಲು ಹತ್ತು. ಅಲ್ಲಿ ನಲವತ್ತು ನಿಮಿಷ.

ಚಾಚಾ ತಲೆ ಕೆರೆದುಕೊಂಡರು. "ಗಾಡಿ ಒಯ್ರಿ, ಅದಕ್ಕೇನ್ರಿ. ಆದ್ರ ಮುಂಜಾನೆ ಮಂದಿ ಗಾಡಿ ನೋಡಿ ಖಾರ ಕೊಡು ಅಂತ ಬಂದ್ರ ಇಂವನ್ನ ಕಟ್ಟಿ ಕೊಡ್ಲೇನು?"

"ಇವನ ಖಾರ ಯಾರೂ ತಿನ್ನಾಕಾಗೂದಿಲ್ಲೋ ಮಾರಾಯ" ಎಂದರು ಅಕ್ಕ. ಎರಡು ದಿನದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಶನಿವಾರ ರಜೆ ಹಾಕಿ ಬಂದೆ. ಬೆಳಿಗ್ಗೆ ಜ್ವರ ನೂರಾ ಒಂದು. ಹನ್ನೊಂದಕ್ಕೆ ನೂರೂವರೆ. ತೊಂಬತ್ತೊಂಬತ್ತಕ್ಕೆ ಇಳಿದದ್ದು ಮಧ್ಯಾಹ್ನ ಎರಡಕ್ಕೆ. ವೈದ್ಯರ ಷರತ್ತು ಕಟ್ಟುನಿಟ್ಟಾಗಿ ನೋಡಿದರೆ ಮುರಿದಿತ್ತು. ಮತ್ತೆ ಫೋನ್ ಮಾಡಿ ಇದ್ದ ಅಂಕಿಗಳನ್ನು ಇದ್ದ ಹಾಗೇ ಓದಿದೆ. ಈ ಸಲ ಯಾವ ಜಾಗದಲ್ಲೂ ಅಡ್ಡಗೆರೆ ಇರಲಿಲ್ಲ. "ನಸುಕಿನಲ್ಲಿ ಇನ್ನೊಮ್ಮೆ ನೋಡಿ. ತೊಂಬತ್ತೊಂಬತ್ತು ದಾಟಿದ್ದರೆ ಇಲ್ಲ" ಎಂದರು.

ಕಾಯುವುದಷ್ಟೇ ಉಳಿದಿತ್ತು. ಅಕ್ಕ ಹಲಗೆಯನ್ನು ಬಿಸಿನೀರು ಹಾಕಿ ಮೂರು ಸಲ ತಿಕ್ಕಿದರೂ ಖಾರದ ಘಾಟು ಹೋಗಲಿಲ್ಲ. ದಿಂಬುಗಳನ್ನು ಜೋಡಿಸಿದೆ: ಎದೆಯ ಕೆಳಗೊಂದು, ಸೊಂಟದ ಎಲುಬು ಹಲಗೆಗೆ ತಾಗದ ಹಾಗೆ ಮೇಲೊಂದು ಕೆಳಗೊಂದು, ಬೆರಳು ತೂಗಾಡುವ ಹಾಗೆ ಕಣಕಾಲಿಗೊಂದು. ತಕ್ಕಡಿ ತೂಗುಹಾಕುವ ಕೊಕ್ಕೆಗೆ ಮೂತ್ರದ ಚೀಲ. ಚಾಚಾ ಓಣಿಯಲ್ಲಿ ಖಾಲಿ ಗಾಡಿ ಓಡಿಸಿ ಎಲ್ಲಿ ಕುಲುಕುತ್ತದೆ ನೋಡಿ ಬಂದರು.

"ಇವತ್ತು ನಿಮ್ಮಲ್ಲಿ ಏನೂ ಪ್ರಾರ್ಥನಿ ಇಲ್ಲೇನ್ರಿ?" ಎಂದು ಅಣ್ಣನನ್ನು ಕೇಳಿದೆ.

"ಇಲ್ರಿ. ನಿನ್ನಿ ಸತ್ತ, ನಾಳೆ ಏಳ್ತಾನ. ಇವತ್ತ ಏನೂ ಇಲ್ಲ. ವರ್ಷದಾಗ ನಮ್ಮಂಥವರ ದಿನ ಅಂದ್ರ ಇದೊಂದ."

ಅವತ್ತು ಅಲ್ಲೇ ಉಳಿದೆ. ಮೊದಲ ಬಾಂಗಿಗೆ ಥರ್ಮಾಮೀಟರ್ ಇಟ್ಟೆ. ತೊಂಬತ್ತೆಂಟು ಮುಕ್ಕಾಲು.

ನಾವು ನಾಲ್ವರು ಹಾಸಿಗೆಯ ಚಾದರವನ್ನೇ ಹಿಡಿದು ಎತ್ತಿ ಗಾಡಿಗೆ ಹಾಕಿದೆವು. ಪಾಸ್ಟರ್ ಮೊದಲೇ ಹೋಗಿದ್ದರು, ನಾಲ್ಕನೆಯ ಕೈ ಎದುರುಮನೆಯ ಹೆಣ್ಣುಮಗಳದು. ಚಾಚಾ ತಳ್ಳಿದರು. ದಾರಿಯಲ್ಲಿ ಅಣ್ಣ ಎರಡು ಸಲ ಸೀನಿದರು.

ಸಮಾಧಿ ಸ್ಥಳದಲ್ಲಿ ಮೂವತ್ತು ನಲವತ್ತು ಜನ ಮೇಣದ ಬತ್ತಿ ಹಿಡಿದು ಪೂರ್ವಕ್ಕೆ ಮುಖ ಮಾಡಿ ನಿಂತಿದ್ದರು. ಸೂರ್ಯ ಹುಟ್ಟಿದ್ದನ್ನು ಕಂಡ ನೆನಪಿದೆ, ಆದರೆ ಆ ದಿನ ಮೋಡವಿತ್ತೆಂದು ಪಾಸ್ಟರ್ ಹೇಳುತ್ತಾರೆ. ಅಣ್ಣನಿಗೆ ಪೂರ್ವ ಕಾಣುತ್ತಿರಲಿಲ್ಲ. ಬೋರಲು ಮಲಗಿದವರಿಗೆ ಕಾಣುವುದು ನೆಲ. ಗಾಡಿಯ ಅಂಚಿನಿಂದ ತಲೆ ಆಚೆ ಚಾಚಿದರೆ ನೇರ ಕೆಳಗೆ ಹೆಂಡತಿಯ ಸಮಾಧಿ: ಸ್ವಲ್ಪ ಕುಸಿದ ಮಣ್ಣು, ಒಣ ಹುಲ್ಲು, ಸುತ್ತ ಒಂದು ಸಾಲು ಕಲ್ಲು.

"ಇದ?" ಎಂದರು.

"ಇದ" ಎಂದರು ಅಕ್ಕ.

ಕೈ ಇಳಿಬಿಟ್ಟರು. ನೆಲಕ್ಕೆ ಒಂದು ಗೇಣು ಕಡಿಮೆ ಬಿತ್ತು. ಅಕ್ಕ ಕುಕ್ಕರಗಾಲಿನಲ್ಲಿ ಕುಳಿತು ಒಂದು ಹಿಡಿ ಮಣ್ಣು ಬಗೆದು ಆ ಅಂಗೈಗೆ ಹಾಕಿ, ಬೆರಳುಗಳನ್ನು ಮಡಿಸಿ ಮುಚ್ಚಿದರು.

ಪ್ರಾರ್ಥನೆ ಮುಗಿದ ಮೇಲೆ ಅವರಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತೊಂದಿದೆ. ಒಬ್ಬರು "ಕ್ರಿಸ್ತ ಎದ್ದಿದ್ದಾನೆ" ಎಂದರೆ ಇನ್ನೊಬ್ಬರು "ನಿಜವಾಗಿ ಎದ್ದಿದ್ದಾನೆ" ಎನ್ನಬೇಕು. ಎಲ್ಲರೂ ಅಣ್ಣನ ಬಳಿಗೂ ಬಂದರು. ಆದರೆ ಅವರ ಮುಖ ಕಾಣಬೇಕಾದರೆ ಕೂರಬೇಕು. ಹಿರಿಯರು ಗಾಡಿಯ ಕಟ್ಟಿಗೆ ಹಿಡಿದು ಬಾಗಿದರು. ಜರಿ ಸೀರೆಯವರು ಮಣ್ಣಿನಲ್ಲೇ ಮೊಣಕಾಲೂರಿದರು. ಪಾಸ್ಟರ್ ತಮ್ಮ ಬಿಳಿ ನಿಲುವಂಗಿ ಎತ್ತಿಕೊಂಡು ಕುಕ್ಕರಿಸಿ, ಕತ್ತು ತಿರುಚಿ ಕೆಳಗಿನಿಂದ ಮೇಲೆ ನೋಡುತ್ತ ಹೇಳಿದರು. ಪ್ರತಿಯೊಬ್ಬರಿಗೂ ಅಣ್ಣ ಅದೇ ಉತ್ತರ ಕೊಟ್ಟರು. ಪ್ರತಿ ಸಲವೂ ಮಣ್ಣಿನ ಮುಷ್ಟಿ ಸ್ವಲ್ಪ ಅಲುಗುತ್ತಿತ್ತು.

ಎಲ್ಲರೂ ಸರಿದ ಮೇಲೆ ನಾನು ಹೋಗಿ ಕುಳಿತೆ. ಮುಖಕ್ಕೆ ರಕ್ತ ಇಳಿದು ಕೆಂಪಾಗಿದ್ದರು. ಅವರೇ ಹೇಳಿದರು: "ನೀವು ಅನ್ನಬೇಕಂತಿಲ್ರಿ ಸಿಸ್ಟರ. ನೀವು ಟೈಮ್ ಎಷ್ಟಾತು ಅದನ್ನ ಹೇಳ್ರಿ. ಖರೇ ಹೇಳ್ರಿ."

"ಮೂವತ್ತೆಂಟು ನಿಮಿಷ ಆತ್ರಿ."

"ಹಂಗಾದ್ರ ಇನ್ನೂ ಎರಡು ಅದಾವು" ಎಂದು ಅವರು ಮುಖವನ್ನು ಮಣ್ಣಿನ ಕಡೆಗೆ ತಿರುಗಿಸಿದರು. ತುಟಿ ಆಡುತ್ತಿತ್ತು. ಅಕ್ಕ, ಚಾಚಾ ದೂರ ಸರಿದರು. ನಾನು ಎದ್ದು, ಕೇಳಿಸದಷ್ಟು ದೂರ ಹೋಗಿ, ಆ ಎರಡು ನಿಮಿಷವೂ ಗಡಿಯಾರ ನೋಡುತ್ತ ನಿಂತೆ.